ಹಸಿರು ನೈಟ್ರೈಲ್ ಗ್ಲೌಸ್: ಎರಡೂವರೆ ವರ್ಷ ಸಿಮೆಂಟಿನಲ್ಲಿ ಬಳಸಿದ ಮೇಲೆ

ನಾನು ದಾವಣಗೆರೆಯಲ್ಲಿ ಟೈಲ್ಸ್ ಮೇಸ್ತ್ರಿ. ಮೊಣಕೈ ಹತ್ತಿರದವರೆಗೆ ಬರುವ ದಪ್ಪ ಹಸಿರು ನೈಟ್ರೈಲ್ (ಒಂದು ಬಗೆಯ ಕೃತಕ ರಬ್ಬರ್) ಗ್ಲೌಸ್ ಬಗ್ಗೆ ಬರೆಯುತ್ತಿದ್ದೇನೆ. ಐದಕ್ಕೆ ನಾಲ್ಕು ಸ್ಟಾರ್.

ಮೊದಲು ಕೈ ಕಥೆ. ಹದಿನಾಲ್ಕು ವರ್ಷ ಬರಿಗೈಯಲ್ಲೇ ಸಿಮೆಂಟ್ ಹಾಲು, ಅಂದ್ರೆ ನೀರಿಗೆ ಕಲಸಿದ ತೆಳು ಸಿಮೆಂಟ್, ಎಳೆದೆ. ‘ಸಿಮೆಂಟ್ ಕೈ ತಿನ್ನುತ್ತೆ’ ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿದರೆ ಬೆಳಿಗ್ಗೆ ಸರಿ. ಒಂದು ವರ್ಷ ಮಾತ್ರ ಸರಿಯಾಗಲೇ ಇಲ್ಲ. ಬೆರಳ ಸಂದಿಯಲ್ಲಿ ಸಣ್ಣ ನೀರುಗುಳ್ಳೆ, ವಿಪರೀತ ತುರಿಕೆ, ಗೆಣ್ಣಿನ ಮೇಲೆ ಬಿರುಕು. ಒಂದು ಸಂಜೆ ಜಯದೇವ ಸರ್ಕಲ್ ಹತ್ತಿರ ಮಿರ್ಚಿ ಮಂಡಕ್ಕಿ ತಿನ್ನಲು ನಿಂತೆ. ಖಾರ, ಹುಳಿ ಎರಡೂ ಬಿರುಕಿಗೆ ಇಳಿದು ಕಣ್ಣಲ್ಲಿ ನೀರು ಬಂತು. ಚಮಚ ಕೇಳಿದೆ. ಅಂಗಡಿಯವನು ನನ್ನನ್ನು ಬೆಂಗಳೂರಿನವನು ಅಂದುಕೊಂಡಿರಬೇಕು.

ಯಾವುದಕ್ಕೆ ಅಲರ್ಜಿ ಅಂತ ನೋಡಲು ಚರ್ಮದ ಡಾಕ್ಟರ್ ಬೆನ್ನಿಗೆ ಪಟ್ಟಿ ಅಂಟಿಸಿ ಪ್ಯಾಚ್ ಟೆಸ್ಟ್ ಮಾಡಿದರು. ಎರಡು ದಿನ ಸ್ನಾನ ಇಲ್ಲ. ಕ್ರೋಮಿಯಂ ಅನ್ನೋ ಲೋಹ ಇದ್ದ ಜಾಗ ಕೆಂಪಗೆ ಊದಿತ್ತು. ಹಸಿ ಸಿಮೆಂಟ್ ಸುಣ್ಣದ ಹಾಗೆ ಜೋರು ಕ್ಷಾರ, ಕ್ಷಾರ ಅಳೆಯುವ ಪಿಎಚ್ 12 ದಾಟುತ್ತೆ, ಅದು ಯಾರ ಚರ್ಮವನ್ನಾದರೂ ಸುಡುತ್ತೆ. ಅದರ ಜೊತೆ ಸಿಮೆಂಟಿನಲ್ಲಿ ನೀರಿಗೆ ಕರಗುವ ಕ್ರೋಮಿಯಂ ಕೂಡ ಇರುತ್ತೆ. ಅದು ಒಮ್ಮೆ ಅಲರ್ಜಿ ಹುಟ್ಟಿಸಿದರೆ ಸಾಮಾನ್ಯವಾಗಿ ಜೀವನಪೂರ್ತಿ ಬಿಡುವುದಿಲ್ಲವಂತೆ. ಯುರೋಪಿನಲ್ಲಿ 2005ರಿಂದ ಇದಕ್ಕೆ ಹತ್ತು ಲಕ್ಷಕ್ಕೆ 2 ಭಾಗ ಅಂತ ಮಿತಿ ಇದೆ ಎಂದರು. ಅಂದ್ರೆ ಮುಲಾಮು ಹಚ್ಚಿ ಮತ್ತೆ ಬರಿಗೈ ಹಾಕುವ ಆಟ ಮುಗಿಯಿತು.

ಮೊದಲು ತಂದಿದ್ದು ಹಾರ್ಡ್‌ವೇರ್ ಅಂಗಡಿಯವರು ಕೊಟ್ಟ, ಅಂಗೈಗೆ ಮಾತ್ರ ರಬ್ಬರ್ ಇರುವ ಬಟ್ಟೆ ಗ್ಲೌಸ್. ದುಡ್ಡು ದಂಡ. ಹಿಂಬದಿಯ ಬಟ್ಟೆ ಸಿಮೆಂಟ್ ಹಾಲು ಕುಡಿದು ಇಡೀ ದಿನ ಕೈಗೆ ಅಂಟಿಕೊಂಡೇ ಇತ್ತು. ಬರಿಗೈಯಾದರೆ ತೊಳೆದುಕೊಳ್ಳಬಹುದಿತ್ತು.

ಈ ಹಸಿರಿನದು ಪೂರ್ತಿ ನೀರು ತಡೆಯುತ್ತೆ, ಒಳಗೆ ಹತ್ತಿಯ ತೆಳು ಪದರ ಇದೆ. ಆದರೆ ಮೊದಲ ತಿಂಗಳು ಇದರಲ್ಲೂ ತುರಿಕೆ ನಿಲ್ಲಲಿಲ್ಲ. ಯಾಕೆ ಅಂತ ಗೊತ್ತಾಗಿದ್ದು ಬಾತ್‌ರೂಮಿನ ಗೋಡೆಗೆ ಟೈಲ್ಸ್ ಹಚ್ಚುವಾಗ. ಕೈ ಮೇಲೆತ್ತಿದಾಗ ಸಿಮೆಂಟ್ ನೀರು ತೋಳಿನ ಮೇಲೆ ಇಳಿದು ನೇರ ಗ್ಲೌಸ್ ಒಳಗೆ! ಬಿಚ್ಚಿ ನೋಡಿದರೆ ಬೆರಳ ತುದಿಯಲ್ಲಿ ಬೂದು ಕೆಸರು. ಈಗ ಬಾಯಿಯ ಎರಡು ಇಂಚು ಹೊರಗೆ ಮಡಚುತ್ತೇನೆ, ನೀರು ಆ ಮಡಿಕೆಯಲ್ಲೇ ನಿಲ್ಲುತ್ತೆ. ತೆಗೆಯುವ ಮೊದಲು ಗ್ಲೌಸ್ ಹೊರಗಡೆ ತೊಳೆಯುತ್ತೇನೆ. ಉಂಗುರ ಮನೆಯಲ್ಲೇ ಬಿಡುತ್ತೇನೆ, ಅದರಡಿ ಪುಡಿ ಕೂತು ಬೆರಳು ಬೆಂದಿತ್ತು. ಎರಡು ಜೊತೆ ಇದೆ. ಒಂದು ಹಾಕಿದ ದಿನ ಇನ್ನೊಂದು ಬಾಯಿ ಕೆಳಗಾಗಿ ನೇತಾಡುತ್ತಿರುತ್ತೆ. ತೂತು ಬಿದ್ದಿದೆಯಾ ಅಂತ ಬೆಳಿಗ್ಗೆ ಗಾಳಿ ತುಂಬಿ ಹಿಂಡಿ ನೋಡುವುದು ಅಭ್ಯಾಸ. ಸೀಮೆಎಣ್ಣೆಯಲ್ಲಿ ಕೈ ತೊಳೆಯುವುದನ್ನೂ ಬಿಟ್ಟೆ.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಸೆಕೆಗೆ. ಏಪ್ರಿಲ್‌ನಲ್ಲಿ ಒಳಗೆ ಬೆವರು ಕೆರೆಯಾಗುತ್ತೆ, ಬೆವರಿಗೂ ಚರ್ಮ ಕೆರಳುತ್ತೆ. ಒಳಗೆ ತೆಳು ಹತ್ತಿ ಗ್ಲೌಸ್ ಹಾಕಿ, ನೆನೆದಾಗ ಬದಲಿಸುತ್ತೇನೆ. ಟೈಲ್ಸ್ ನಡುವೆ ಇಡುವ ಸಣ್ಣ ಪ್ಲಾಸ್ಟಿಕ್ ಸ್ಪೇಸರ್ ಹೆಕ್ಕಲು ಇದು ತೀರಾ ದಪ್ಪ. ಟೈಲ್ಸ್ ಸಂದಿಗೆ ತುಂಬುವ ಅಂಟಿನಂಥ ಎಪಾಕ್ಸಿ ಗ್ರೌಟ್‌ಗೆ ಮಾತ್ರ ಇದನ್ನು ದಿನಗಟ್ಟಲೆ ನಂಬಿ ಕೂರಬೇಡಿ. ಅದು ಅಲರ್ಜಿಯಲ್ಲಿ ಇನ್ನೂ ಜೋರು, ಮೆತ್ತಿಕೊಂಡ ಗ್ಲೌಸ್ ತೆಗೆದು ಬೇರೆ ಹಾಕಿ.

ಕೈ ಈಗ ಪೂರ್ತಿ ವಾಸಿ ಅಂತಲ್ಲ. ಒಂದು ದಿನ ಸೋಮಾರಿತನ ಮಾಡಿದರೆ ಮರುದಿನವೇ ತುರಿಕೆ ಹಾಜರ್. ಮೊದಮೊದಲು ‘ಏನಣ್ಣ, ಆಪರೇಷನ್‌ಗೆ ಹೊಂಟೀರಾ?’ ಅಂತ ನಗುತ್ತಿದ್ದ ಹೆಲ್ಪರ್ ಹುಡುಗ ಈಗ ತಾನೂ ಹಾಕುತ್ತಾನೆ. ಅವನ ಕೈ ಚಿಕ್ಕದು, ಸೈಜ್ ಹುಡುಕಿ ಸಾಕಾಗಿ ಆನ್‌ಲೈನ್‌ನಲ್ಲಿ ತರಿಸಿದೆ. ಇಲ್ಲಿ ಅಂಗಡಿಯಲ್ಲಿ ಕೇಳಿದರೆ ‘ಒಂದೇ ಸೈಜ್, ಎಲ್ಲರಿಗೂ ಆಗುತ್ತೆ’ ಅಂತಾರೆ. ಆಗಲ್ಲ.