ದೂರಶಿಕ್ಷಣದ ವಿದ್ಯಾರ್ಥಿಗೆ ಯಾವ ವೃತ್ತಿಸಂಸ್ಥೆ? ಐಟ್ರಿಪಲ್‌ಇ, ಎಸಿಎಂ ಮತ್ತು ಐಇಟಿಎಫ್

ದೂರಶಿಕ್ಷಣದಲ್ಲಿ ಕಂಪ್ಯೂಟರ್ ವಿಜ್ಞಾನ ಓದುವವರಿಗೆ ಪಾಠಗಳು ಬೇಕಾದಷ್ಟು ಸಿಗುತ್ತವೆ, ಆದರೆ ವೃತ್ತಿಯಲ್ಲಿರುವವರ ಒಡನಾಟ ಸುಲಭವಾಗಿ ಸಿಗುವುದಿಲ್ಲ. ಆ ಕೊರತೆ ನೀಗಿಸಿಕೊಳ್ಳಲು ನಾನು ಎಲೆಕ್ಟ್ರಿಕಲ್ ಮತ್ತು ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳ ಸಂಸ್ಥೆಯಾದ ಐಟ್ರಿಪಲ್‌ಇ, ಕಂಪ್ಯೂಟರ್ ವೃತ್ತಿಯವರ ಸಂಘವಾದ ಎಸಿಎಂ ಮತ್ತು ಐಇಟಿಎಫ್ ಎಂಬ ಮೂರೂ ಕಡೆ ತೊಡಗಿಕೊಂಡು ನೋಡಿದೆ. ಸಭೆಗೆ ಹಾಜರಾಗಲು ಆಗದವರಿಗೂ ಇಲ್ಲಿ ನಿಜವಾದ ಕೆಲಸ ಸಿಗುತ್ತದೆಯೇ ಎಂಬ ಒಂದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಅವುಗಳನ್ನು ಹೋಲಿಸಿದ್ದೇನೆ.

ಎರಡು ಹಳೆಯ ಸಂಸ್ಥೆಗಳು 1963ರಲ್ಲಿ ಒಂದಾಗಿ ರೂಪುಗೊಂಡ ಐಟ್ರಿಪಲ್‌ಇಯಲ್ಲಿ ವಿದ್ಯಾರ್ಥಿ ಸದಸ್ಯರಾಗಬೇಕಾದರೆ ಪೂರ್ಣಾವಧಿ ವ್ಯಾಸಂಗದ ಕನಿಷ್ಠ ಶೇ 50ರಷ್ಟನ್ನಾದರೂ ಓದುತ್ತಿರಬೇಕು. ಒಂದೊಂದೇ ವಿಷಯ ತೆಗೆದುಕೊಂಡು ನಿಧಾನವಾಗಿ ಪದವಿ ಮುಗಿಸುವ ದೂರಶಿಕ್ಷಣದವರು ಅರ್ಜಿ ತುಂಬುವ ಮೊದಲೇ ಇದನ್ನು ನೋಡಿಕೊಳ್ಳುವುದು ಒಳ್ಳೆಯದು. ವಿದ್ಯಾರ್ಥಿ ಶಾಖೆಗಳು ಕಾಲೇಜಿನ ಆವರಣವನ್ನೇ ನೆಚ್ಚಿಕೊಂಡಿರುವುದರಿಂದ ನಮಗೆ ಹೆಚ್ಚು ಉಪಯೋಗಕ್ಕೆ ಬರುವುದು ವಿಳಾಸದ ಆಧಾರದ ಮೇಲೆ ನಮ್ಮನ್ನು ಸೇರಿಸಿಕೊಳ್ಳುವ ಪ್ರಾದೇಶಿಕ ವಿಭಾಗ. ಇದು ನನಗೆ ಮನದಟ್ಟಾದದ್ದು ಐಟ್ರಿಪಲ್‌ಇ ಎಕ್ಸ್‌ಟ್ರೀಮ್ ಎಂಬ 24 ಗಂಟೆಗಳ ಪ್ರೋಗ್ರಾಮಿಂಗ್ ಸ್ಪರ್ಧೆಯ ಸಮಯದಲ್ಲಿ. ಗರಿಷ್ಠ 3 ಜನರ ತಂಡಕ್ಕೆ ವಿದ್ಯಾರ್ಥಿ ದರ್ಜೆಗಿಂತ ಮೇಲಿನ ಸದಸ್ಯರೊಬ್ಬರು ಮೇಲ್ವಿಚಾರಕರಾಗಿರಬೇಕು. ಕಾಲೇಜಿನಲ್ಲಿ ಓದುವವರು ಪಕ್ಕದ ಕೊಠಡಿಯ ಪ್ರಾಧ್ಯಾಪಕರನ್ನು ಕೇಳಿಕೊಂಡರೆ ಮುಗಿಯಿತು, ನಾನು ವಿಭಾಗದ ಸ್ವಯಂಸೇವಕರಿಗೆ ಪತ್ರ ಬರೆದು ಹುಡುಕಬೇಕಾಯಿತು. ಆ ಹುಡುಕಾಟದಿಂದಾದ ಪರಿಚಯಗಳು ಸ್ಪರ್ಧೆಗಿಂತ ಹೆಚ್ಚು ಕಾಲ ಉಳಿದಿವೆ. ಸದಸ್ಯತ್ವದ ವರ್ಷ ಡಿಸೆಂಬರ್ 31ಕ್ಕೆ ಕೊನೆಗೊಳ್ಳುತ್ತದೆ ಎಂಬುದನ್ನೂ ಸೇರುವಾಗ ಗಮನದಲ್ಲಿಟ್ಟುಕೊಳ್ಳಬೇಕು.

1947ರಲ್ಲಿ ಸ್ಥಾಪನೆಯಾದ ಎಸಿಎಂ ಓದುವುದಕ್ಕೂ ಕೇಳುವುದಕ್ಕೂ ಅನುಕೂಲವಾಗಿದೆ. ಆದರೆ ಅದರ ಟೆಕ್‌ಟಾಕ್ಸ್ ಉಪನ್ಯಾಸಗಳು ಎಲ್ಲರಿಗೂ ಉಚಿತವಾಗಿ ಸಿಗುವುದರಿಂದ ಅವುಗಳಿಗಾಗಿಯೇ ಸದಸ್ಯರಾಗಬೇಕಿಲ್ಲ. ಇಲ್ಲಿ ತೊಡಗಿಕೊಳ್ಳುವ ದಾರಿ 30ಕ್ಕೂ ಹೆಚ್ಚಿನ ವಿಶೇಷ ಆಸಕ್ತಿ ಗುಂಪುಗಳ ಸಮ್ಮೇಳನಗಳು. ಅವುಗಳಲ್ಲಿ ಹಲವು, ನಿಗದಿತ ಗಂಟೆ ಕೆಲಸ ಮಾಡುವ ವಿದ್ಯಾರ್ಥಿ ಸ್ವಯಂಸೇವಕರಿಗೆ ನೋಂದಣಿ ಶುಲ್ಕವನ್ನು ಮನ್ನಾ ಮಾಡುತ್ತವೆ. ಆನ್‌ಲೈನ್ ಗೋಷ್ಠಿಯೊಂದರಲ್ಲಿ ಸಭಿಕರ ಪ್ರಶ್ನೆಗಳನ್ನು ಆರಿಸಿ ಅಧ್ಯಕ್ಷರಿಗೆ ದಾಟಿಸುವ ಕೆಲಸ ನನಗೆ ಬಂದಿತ್ತು. ಸಂತೋಷದ ಅನುಭವವೇ ಸರಿ, ಆದರೆ ಗೋಷ್ಠಿ ಮುಗಿದೊಡನೆ ಕೆಲಸವೂ ಮುಗಿಯಿತು.

1986ರಲ್ಲಿ ಆರಂಭವಾದ, ಅಂತರಜಾಲದ ತಾಂತ್ರಿಕ ಮಾನದಂಡಗಳನ್ನು ರೂಪಿಸುವ ಐಇಟಿಎಫ್‌ನ ಸ್ವರೂಪವೇ ಬೇರೆ. ಅಲ್ಲಿ ಸದಸ್ಯತ್ವವೇ ಇಲ್ಲ. ಅರ್ಹತಾಪತ್ರ ತೋರಿಸದೆ, ಯಾರ ಶಿಫಾರಸೂ ಇಲ್ಲದೆ ಕಾರ್ಯಗುಂಪಿನ ಚರ್ಚೆಗೆ ಇಳಿಯಬಹುದು. ವರ್ಷಕ್ಕೆ 3 ಸಭೆಗಳು ನಡೆಯುತ್ತವೆಯಾದರೂ, ಅಲ್ಲಿ ಮೂಡಿದ ಒಮ್ಮತವನ್ನು ಗುಂಪಿನ ಇಮೇಲ್ ಚರ್ಚೆಯಲ್ಲಿ ಖಚಿತಪಡಿಸಿಕೊಳ್ಳಬೇಕೆಂಬ ಪದ್ಧತಿ ಇರುವುದರಿಂದ, ಸಭೆಗೆ ಹೋಗಲಾಗದವರ ಮಾತಿಗೂ ತೂಕ ಉಳಿಯುತ್ತದೆ. ದೂರಶಿಕ್ಷಣದವರಿಗೆ ಇದಕ್ಕಿಂತ ಒಪ್ಪುವ ಏರ್ಪಾಡನ್ನು ನಾನಂತೂ ಕಂಡಿಲ್ಲ.

ಹಾಗೆಂದು ಪ್ರವೇಶ ಸುಲಭವಲ್ಲ. ಕೈಹಿಡಿದು ನಡೆಸುವವರಿಗಾಗಿ ಕಾಯದೆ, ಚರ್ಚೆಯಲ್ಲಿರುವ ಮಾನದಂಡಗಳ ಕರಡುಗಳನ್ನು ಓದಿ ನಾವೇ ಒಗ್ಗಿಕೊಳ್ಳಬೇಕು. ಹೊಸ ಆವೃತ್ತಿ ಬರದಿದ್ದರೆ ಕರಡಿನ ಅವಧಿ 6 ತಿಂಗಳಿಗೆ ತೀರುವುದರಿಂದ, ಚರ್ಚೆ ಬಿಸಿಯಾಗಿರುವ ಕರಡನ್ನೇ ಆರಿಸಿಕೊಳ್ಳುವುದು ಲೇಸು. ನಾನು ಓದುತ್ತಿದ್ದ ಕರಡೊಂದರಲ್ಲಿ ವಿವರಣೆ ಒಂದು ಕ್ರಮವನ್ನು ಹೇಳಿದರೆ ಕೆಳಗಿನ ಉದಾಹರಣೆ ಬೇರೊಂದನ್ನು ತೋರಿಸುತ್ತಿತ್ತು. ಎರಡೂ ಸಾಲುಗಳನ್ನು ಉಲ್ಲೇಖಿಸಿ, ಯಾವುದು ಸರಿ ಎಂದಷ್ಟೇ ಕೇಳಿದೆ. ಸಂಪಾದಕರು ಉದಾಹರಣೆಯನ್ನು ತಿದ್ದಿ ಮುಂದಿನ ಆವೃತ್ತಿಯನ್ನು ಹೊರತಂದರು. ಪಠ್ಯದಲ್ಲಿ ಓದಿದ ಪ್ರೊಟೊಕಾಲ್‌ಗಳು ಹೀಗೆ ಸಾಲುಸಾಲಾಗಿ ಜಗ್ಗಾಡಿಸಿಕೊಂಡು ಸಿದ್ಧವಾಗುತ್ತವೆ ಎಂಬುದು ಯಾವ ಪಾಠದಿಂದಲೂ ನನಗೆ ಅಷ್ಟು ಸ್ಪಷ್ಟವಾಗಿರಲಿಲ್ಲ.

ಹಾಗಾಗಿ ವಾರಕ್ಕೆ ಒಂದೆರಡು ಗಂಟೆ ಮಾತ್ರ ಬಿಡುವಿದ್ದು, ಬರೆದು ಚರ್ಚಿಸುವುದಕ್ಕೆ ಅಂಜಿಕೆಯಿಲ್ಲದವರಿಗೆ ನನ್ನ ಮೊದಲ ಆಯ್ಕೆ ಐಇಟಿಎಫ್. ಉದ್ಯೋಗದ ದಾರಿ ತೋರಿಸಬಲ್ಲ ಹಿರಿಯರ ಪರಿಚಯ ಬೇಕೆನ್ನುವವರಿಗೆ ಐಟ್ರಿಪಲ್‌ಇಯ ಪ್ರಾದೇಶಿಕ ವಿಭಾಗವೇ ಮೇಲು. ಎಸಿಎಂನ ಸದಸ್ಯತ್ವವನ್ನು ನಿಮ್ಮ ಆಸಕ್ತಿಯ ಗುಂಪಿನ ಸಮ್ಮೇಳನ ಹತ್ತಿರವಾದಾಗ, ಸ್ವಯಂಸೇವಕರ ಅರ್ಜಿಯ ಕೊನೆಯ ದಿನಾಂಕ ನೋಡಿಕೊಂಡು ಪಡೆದರೆ ಸಾಕು.