ಸಮುದ್ರಮೀನಿನ ಟ್ಯಾಂಕಿಗೆ ಕೊಂಡ ರಿಫ್ರಾಕ್ಟೋಮೀಟರ್: ಎಂಟು ತಿಂಗಳ ಅನುಭವ

ಕಳೆದ ಜುಲೈಯಲ್ಲಿ, ಮಂಗಳೂರು ಕಂಕನಾಡಿಯ ನಮ್ಮ ಮನೆಯ ಉಪ್ಪುನೀರಿನ ಟ್ಯಾಂಕಿನಲ್ಲಿ ಬಸವನಹುಳಗಳು ಗಾಜಿನಿಂದ ಕಳಚಿ ಕೆಳಗೆ ಬೀಳತೊಡಗಿದವು. ಝೊವಾಂಥಿಡ್‌ಗಳು ಎಂಬ, ಹವಳದ ಜಾತಿಯ ಹೂವಿನಂಥ ಜೀವಿಗಳು ಮೂರು ದಿನ ಅರಳಲೇ ಇಲ್ಲ. ಅಮೋನಿಯಾ ನೋಡಿದೆ, ನೈಟ್ರೇಟ್ ನೋಡಿದೆ, ಎರಡೂ ಸರಿ ಇತ್ತು. ಉಪ್ಪಿನ ಬಗ್ಗೆ ನನಗೆ ಸಂಶಯವೇ ಬರಲಿಲ್ಲ. ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಳ್ಳು ಏರಿಳಿಯುವ ಹೈಡ್ರೋಮೀಟರ್ ಎರಡು ವರ್ಷಗಳಿಂದ ದಿನವೂ 1.025 ಸಾಂದ್ರತೆ, ಅಂದರೆ ಸಮುದ್ರದ ನೀರಿನಷ್ಟೇ, ತೋರಿಸುತ್ತಿತ್ತಲ್ಲ.

ಆ ಮುಳ್ಳಿಗೆ ಸಣ್ಣ ಗಾಳಿಗುಳ್ಳೆ ಅಂಟಿದರೂ ಸಾಕು, ಅದು ಮೇಲೆ ತೇಲಿ ಇರುವುದಕ್ಕಿಂತ ಹೆಚ್ಚು ಉಪ್ಪು ತೋರಿಸುತ್ತದೆ. ಮುಳ್ಳಿನ ಬುಡದಲ್ಲಿ ಉಪ್ಪು ಕಟ್ಟಿಕೊಂಡರೂ ಲೆಕ್ಕ ತಪ್ಪುತ್ತದೆ. ನೀರು ಬದಲಿಸುವಾಗಲೂ ಅದೇ ಮುಳ್ಳು ನೋಡಿ ಹೊಸ ನೀರು ಕಲಸುತ್ತಿದ್ದೆ. ಅಂದರೆ ಪ್ರತಿ ಬಾರಿ ಕಡಿಮೆ ಉಪ್ಪಿನ ನೀರನ್ನೇ ಸುರಿಯುತ್ತಿದ್ದೆ. ನೊರೆಯ ಜೊತೆ ಕೊಳೆ ತೆಗೆಯುವ ಸ್ಕಿಮ್ಮರ್ ಕೂಡ ಮಳೆಗಾಲದುದ್ದಕ್ಕೂ ತೆಳು ನೊರೆ ಉಕ್ಕಿಸುತ್ತಿತ್ತು. ಅದರ ಕಪ್ಪಿನಲ್ಲಿ ಹೊರಗೆ ಹೋಗುವುದು ಉಪ್ಪುನೀರು, ಆ ಜಾಗಕ್ಕೆ ನಾನು ತುಂಬುತ್ತಿದ್ದದ್ದು ಉಪ್ಪಿಲ್ಲದ ಆರ್‌ಓ ನೀರು. ಆವಿಯಾಗುವಾಗ ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ, ಅದಕ್ಕೆ ಸಿಹಿನೀರು ತುಂಬುವುದು ಸರಿ. ಕಪ್ಪಿನಲ್ಲಿ ಹೋದದ್ದಕ್ಕೆ ಸರಿಯಲ್ಲ.

ಹಾಗಾಗಿ ನೀರು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರಿಂದ ಉಪ್ಪು ಅಳೆಯುವ ಈ ರಿಫ್ರಾಕ್ಟೋಮೀಟರ್ ತರಿಸಿದೆ, ಸುಮಾರು 1,500 ರೂಪಾಯಿ. ಕೈಯಲ್ಲಿ ಹಿಡಿದು ಬೆಳಕಿನ ಕಡೆ ನೋಡುವ ಲೋಹದ ಕೊಳವೆ. ಗಾಜಿನ ಮೇಲೆ ಮೂರು ಹನಿ ಬಿಟ್ಟು ಮುಚ್ಚಳ ಒತ್ತಿ ಅರ್ಧ ನಿಮಿಷ ಕಾಯಬೇಕು. ನೀಲಿ ಮತ್ತು ಬಿಳಿ ಸೇರುವ ಗೆರೆ ಎಲ್ಲಿ ನಿಲ್ಲುತ್ತದೋ ಅದೇ ಅಂಕೆ. ನಮ್ಮ ಲ್ಯಾಬಿನಲ್ಲಿ ಮೂತ್ರದ ಸಾಂದ್ರತೆ ನೋಡಲು ಇಂಥದ್ದೇ ಒಂದು ಉಂಟು. ನೋಡಲು ಒಂದೇ ತರ, ಆದರೆ ಅದರ ಸ್ಕೇಲ್ ಮೂತ್ರಕ್ಕೆ ಮಾಡಿದ್ದು, ಟ್ಯಾಂಕಿನ ನೀರಿಗೆ ಆಗುವುದಿಲ್ಲ.

ಜೊತೆಗೆ ಬಂದ ಚೀಟಿಯಲ್ಲಿ ಡಿಸ್ಟಿಲ್ಡ್ ನೀರು ಹಾಕಿ ಸೊನ್ನೆಗೆ ತಿರುಗಿಸಿ ಎಂದಷ್ಟೇ ಇದೆ. ಹಾಗೆ ಮಾಡಿ ನೋಡಿದಾಗ ಟ್ಯಾಂಕಿನ ನೀರು 32 ಪಿಪಿಟಿ ಬಂತು, ಅಂದರೆ ಸಾವಿರ ಗ್ರಾಂ ನೀರಿನಲ್ಲಿ 32 ಗ್ರಾಂ ಉಪ್ಪು; ಸಮುದ್ರದ ನೀರಿನಲ್ಲಿ ಇದು ಸುಮಾರು 35. ಆದರೆ ಲ್ಯಾಬಿನಲ್ಲಿ ನಾವು ಬೆಳಿಗ್ಗೆ ಕಂಟ್ರೋಲ್, ಅಂದರೆ ಉತ್ತರ ಮೊದಲೇ ಗೊತ್ತಿರುವ ಸ್ಯಾಂಪಲ್, ಓಡಿಸದೆ ಒಂದು ರಿಪೋರ್ಟನ್ನೂ ಕೊಡುವುದಿಲ್ಲ. ಇಲ್ಲಿ ಯಾಕೆ ಬಿಡಬೇಕು? 35 ಪಿಪಿಟಿಯ ದ್ರಾವಣ ಬೇರೆಯಾಗಿ ತರಿಸಿ ಹಾಕಿದೆ. 37 ತೋರಿಸಿತು! ಈ ಬೆಲೆಯ ಹಲವು ಮೀಟರ್‌ಗಳ ಸ್ಕೇಲ್ ಬರೀ ಅಡುಗೆ ಉಪ್ಪಿನ ನೀರಿಗೆ ಮಾಡಿದ್ದು. 35ರ ಸಮುದ್ರದ ನೀರು ಅದರಲ್ಲಿ 36.5ರ ಹತ್ತಿರ ಕಾಣುತ್ತದೆ. ಸಣ್ಣ ಸ್ಕ್ರೂ ತಿರುಗಿಸಿ 35ಕ್ಕೆ ಕೂರಿಸಿ ಮತ್ತೆ ಟ್ಯಾಂಕಿನ ನೀರು ನೋಡಿದರೆ 30. ಸಾಂದ್ರತೆಯಲ್ಲಿ ಹೇಳುವುದಾದರೆ 1.023ಕ್ಕೂ ಕಡಿಮೆ. ಮನಸ್ಸಿನ ಸಮಾಧಾನಕ್ಕೆ 36.5 ಗ್ರಾಂ ಶುದ್ಧ ಸೋಡಿಯಂ ಕ್ಲೋರೈಡನ್ನು 963.5 ಗ್ರಾಂ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿಯೂ ಪರೀಕ್ಷಿಸಿದೆ. ಅದು ಬೆಳಕನ್ನು ಬಾಗಿಸುವುದು 35 ಪಿಪಿಟಿಯ ಸಮುದ್ರದ ನೀರಿನಷ್ಟೇ. ಎರಡೂ ಹೊಂದಿದವು.

ನನ್ನ ಅತ್ತೆ ಇದನ್ನೆಲ್ಲ, ಟ್ಯಾಂಕಿಗೆಂದೇ ತರಿಸುವ ಉಪ್ಪನ್ನೂ ನೋಡಿ, "ಅಷ್ಟು ಕ್ರಯದ ಉಪ್ಪು ಯಾಕೆ ಮಗಾ, ಉಪ್ಪಿನಕಾಯಿಗೆ ತಂದ ಕಲ್ಲುಪ್ಪು ಉಂಟಲ್ಲ" ಅಂದರು. ಪಕ್ಕದ ಮನೆಯವರು ಪಣಂಬೂರಿನ ಕಡಲಿನಿಂದ ಎರಡು ಕ್ಯಾನ್ ನೀರು ತಂದರೆ ಮುಗೀತಲ್ಲ ಅಂದರು. ಇಬ್ಬರೂ ಪ್ರೀತಿಯಿಂದ ಹೇಳಿದ್ದು. ಆದರೆ ಸಮುದ್ರದ ಲವಣದಲ್ಲಿ ಸೋಡಿಯಂ ಕ್ಲೋರೈಡ್ ಸುಮಾರು ನೂರಕ್ಕೆ 85 ಭಾಗ ಮಾತ್ರ. ಮಿಕ್ಕಿದ್ದರಲ್ಲಿ ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಇವೆ. ಅವಿಲ್ಲದೆ ಹವಳ ಬೆಳೆಯುವುದಿಲ್ಲ. ಜುಲೈಯಲ್ಲಿ ಕಡಲಿನ ನೀರನ್ನಂತೂ ನಾನು ಮುಟ್ಟುವುದಿಲ್ಲ. ನೇತ್ರಾವತಿ, ಫಲ್ಗುಣಿ ಎರಡೂ ತುಂಬಿ ಬೆಂಗ್ರೆಯ ಹತ್ತಿರ ಸಮುದ್ರಕ್ಕೆ ಸೇರುವ ಸಮಯ ಅದು, ದಡದ ನೀರಿನಲ್ಲಿ ಉಪ್ಪೇ ಇಳಿದಿರುತ್ತದೆ.

ಅಂಕೆ ಸಿಕ್ಕಿದ ದಿನವೇ 35ಕ್ಕೆ ಏರಿಸಿಬಿಡುವ ಆಸೆ ಬರುತ್ತದೆ. ದಯವಿಟ್ಟು ಬೇಡ. ಉಪ್ಪು ಇಳಿದಾಗ ತಡೆದುಕೊಳ್ಳುವ ಮೀನು ಏರಿದಾಗ ಸೊರಗುತ್ತದೆ, ಅದರ ಮೈಯಿಂದ ನೀರು ಹೊರಗೆ ಹೋಗುತ್ತದೆ. ಸಿಗಡಿ, ಬಸವನಹುಳಗಳಿಗೆ ಒಳಗಿನ ಉಪ್ಪನ್ನು ಮೀನಿನ ಹಾಗೆ ಹಿಡಿತದಲ್ಲಿಡಲು ಬರುವುದಿಲ್ಲ. ದಿನಕ್ಕೆ ಸಾಂದ್ರತೆ 0.001ಕ್ಕಿಂತ, ಅಂದರೆ 1.3 ಪಿಪಿಟಿಗಿಂತ ಹೆಚ್ಚು ಏರಬಾರದು. ನಾನು ಅದರ ಅರ್ಧವನ್ನೇ ಹಿಡಿದೆ.

ಸಾಮಾನ್ಯವಾಗಿ ಇದಕ್ಕೆ ಸುಲಭದ ದಾರಿ, ಆವಿಯಾದ ಜಾಗಕ್ಕೆ ಸಿಹಿನೀರಿನ ಬದಲು 35ರ ಉಪ್ಪುನೀರು ತುಂಬುವುದು. ನಮ್ಮ ಮಳೆಗಾಲದಲ್ಲಿ ಒಣಹಾಕಿದ ಬಟ್ಟೆಯೇ ಒಣಗುವುದಿಲ್ಲ, ಟ್ಯಾಂಕಿನಲ್ಲಿ ದಿನಕ್ಕೆ ಒಂದು ಲೀಟರೂ ಇಳಿಯುತ್ತಿರಲಿಲ್ಲ. ಹಾಗಾಗಿ ದಿನಾ ಸಂಪಿನಿಂದ, ಅಂದರೆ ಟ್ಯಾಂಕಿನ ಕೆಳಗೆ ಅದಕ್ಕೇ ಜೋಡಿಸಿದ ತೊಟ್ಟಿಯಿಂದ, ಐದು ಲೀಟರ್ ತೆಗೆದು, 55 ಪಿಪಿಟಿಗೆ ಕಲಸಿದ ಐದು ಲೀಟರನ್ನು ಗಾಳಿ ಪಂಪಿನ ಸಪೂರ ಪೈಪಿನಲ್ಲಿ ಹನಿಹನಿಯಾಗಿ ಬಿಟ್ಟೆ. ಒಟ್ಟು ನೀರು 180 ಲೀಟರ್, ದಿನಕ್ಕೆ 0.6, 0.7ರಷ್ಟು ಏರುತ್ತದೆ. ಎಂಟು ದಿನಕ್ಕೆ 35. ಉಪ್ಪನ್ನು ಬಕೆಟ್ಟಿನಲ್ಲೇ ಪೂರ್ತಿ ಕರಗಿಸಿದ್ದು, ಪುಡಿಯನ್ನು ಟ್ಯಾಂಕಿಗೆ ಹಾಕಿದ್ದಲ್ಲ. ಕರಗದ ಹರಳು ಹವಳದ ಮೇಲೆ ಬಿದ್ದರೆ ಸುಡುತ್ತದೆ. ಮೀಟರಿನ ಸ್ಕೇಲ್ 100ರ ತನಕ ಇರುವುದರಿಂದ 55ನ್ನೂ ಅದರಲ್ಲೇ ಅಳೆದೆ, ಇದು ನಿಜಕ್ಕೂ ಉಪಕಾರವಾಯಿತು.

ಐದನೇ ದಿನ ಝೊವಾಂಥಿಡ್ ಅರಳಿದವು. ಎರಡು ಬಸವನಹುಳ ಸತ್ತವು, ಅದರ ಬೇಸರ ಇನ್ನೂ ಇದೆ.

ದೂರುಗಳೂ ಉಂಟು. 35ರ ದ್ರಾವಣ ಜೊತೆಗೆ ಕೊಡುವುದಿಲ್ಲ, ಬೇಕೆಂದು ಚೀಟಿಯಲ್ಲಿ ಬರೆಯುವುದೂ ಇಲ್ಲ. ಇದು ದೊಡ್ಡ ಕೊರತೆ. ಪೆಟ್ಟಿಗೆಯೊಳಗಿನ ಸ್ಪಂಜಿಗೆ ಆಗಸ್ಟಿನಲ್ಲೇ ಬೂಸ್ಟು ಬಂತು, ಈಗ ಮೀಟರನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಡುತ್ತೇನೆ. ಮುಚ್ಚಳದ ತಿರುಗಣೆ ಸ್ವಲ್ಪ ಸಡಿಲಾಗಿದೆ. ಬಳಸಿದ ಮೇಲೆ ಸಿಹಿನೀರಿನಲ್ಲಿ ಒರೆಸದಿದ್ದರೆ ಗಾಜಿನ ಮೇಲೆ ಉಪ್ಪು ಕಟ್ಟಿ ಗೆರೆ ಮಸುಕಾಗುತ್ತದೆ. ತಿಂಗಳಿಗೊಮ್ಮೆ 35ರ ದ್ರಾವಣದಲ್ಲಿ ಪರೀಕ್ಷಿಸುತ್ತೇನೆ, ಎಂಟು ತಿಂಗಳಲ್ಲಿ ಎರಡು ಸಲ ಮಾತ್ರ ಸ್ಕ್ರೂ ಮುಟ್ಟಬೇಕಾಯಿತು.

ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಕೊಳ್ಳುವವರು ಚಿತ್ರದಲ್ಲಿ ಸ್ಕೇಲ್ ನೋಡಿಯೇ ಕೊಳ್ಳಿ: ಒಂದು ಬದಿ 0ಯಿಂದ 100, ಇನ್ನೊಂದು ಬದಿ 1.000ರಿಂದ 1.070 ಇರಬೇಕು. ಜೇನುತುಪ್ಪಕ್ಕೆ, ಬ್ಯಾಟರಿಗೆ ಮಾಡಿದವೂ ಹೊರಗಿನಿಂದ ಇದೇ ಕೊಳವೆ. ಜೊತೆಗೆ ಆ ಸಣ್ಣ ಬಾಟ್ಲಿ ದ್ರಾವಣವನ್ನೂ ಅದೇ ದಿನ ತರಿಸಿ.