ದೇಶವಾರು ತಡೆಯೋ, ವೇಗಮಿತಿಯೋ: ಮಲೆನಾಡಿನ ಹೋಮ್‌ಸ್ಟೇ ಜಾಲತಾಣಕ್ಕೆ ಯಾವ ಫೈರ್‌ವಾಲ್ ನಿಯಮ?

ತೀರ್ಥಹಳ್ಳಿಯ ಹೋಮ್‌ಸ್ಟೇಗೆ ಬರುವವರೆಲ್ಲ ಭಾರತದವರೇ ಎಂದುಕೊಂಡು ಹೊರದೇಶಗಳ ಸಂಪರ್ಕವನ್ನು ಫೈರ್‌ವಾಲ್‌ನಲ್ಲಿ (ತಾಣಕ್ಕೆ ಬರುವ ಸಂಪರ್ಕಗಳನ್ನು ಸೋಸುವ ವ್ಯವಸ್ಥೆ) ಪೂರ್ತಿ ತಡೆಯುವುದು ಸುಲಭವೆನಿಸಿದರೂ, ಹುಡುಕಾಟಕ್ಕಾಗಿ ಪುಟಗಳನ್ನು ಓದುವ ಗೂಗಲ್‌ನ ತಂತ್ರಾಂಶವಾದ ಗೂಗಲ್‌ಬಾಟ್ ಬಹುತೇಕ ಅಮೆರಿಕದ ಐಪಿ ವಿಳಾಸಗಳಿಂದಲೇ ಬರುವುದರಿಂದ ಅದಕ್ಕೂ 403 (ಪ್ರವೇಶವಿಲ್ಲ) ಎಂಬ ಉತ್ತರವೇ ಸಿಗುತ್ತದೆ. ಅಂಥ ಪುಟಗಳನ್ನು ಗೂಗಲ್ ಕ್ರಮೇಣ ತನ್ನ ಹುಡುಕಾಟದಿಂದ ತೆಗೆದುಹಾಕುತ್ತದೆ. ಮಾಲೀಕರು ಶಿವಮೊಗ್ಗದಲ್ಲಿ ಕುಳಿತು ತೆರೆದು ನೋಡಿದರೆ ತಾಣ ಸರಿಯಾಗಿಯೇ ಕಾಣುತ್ತದೆ. ನಿಜವಾದ ಅಪಾಯ ಇರುವುದೇ ಇಲ್ಲಿ.

ವೇಗಮಿತಿಯ ನಿಯಮವು ಅತಿಯಾಗಿ ಬರುವ ಕೋರಿಕೆಗಳಿಗೆ ಮಾತ್ರ 429 (ಕೋರಿಕೆಗಳು ಅತಿಯಾದವು) ಎಂದು ಉತ್ತರಿಸುತ್ತದೆ. ಗೂಗಲ್‌ಬಾಟ್ ಅದನ್ನು ಕಂಡು ಭೇಟಿಯ ವೇಗವನ್ನು ತಗ್ಗಿಸುತ್ತದೆಯೇ ಹೊರತು ಪುಟವನ್ನು ಕೂಡಲೇ ಕೈಬಿಡುವುದಿಲ್ಲ. ನನ್ನ ಆಯ್ಕೆ ಇದೇ.

ದೇಶವಾರು ತಡೆ ಬೇಕೇಬೇಕು ಎನ್ನುವವರು ಹುಡುಕಾಟದ ಬಾಟ್‌ಗಳಿಗೆ ಮೊದಲೇ ವಿನಾಯಿತಿ ಕೊಡಬೇಕು. ಯೂಸರ್ ಏಜೆಂಟ್ ಹೆಸರನ್ನು (ಬಾಟ್ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಗುರುತು) ಯಾರು ಬೇಕಾದರೂ ನಕಲು ಮಾಡಬಹುದಾದ್ದರಿಂದ ಗೂಗಲ್ ಪ್ರಕಟಿಸಿರುವ ಐಪಿ ಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡು, ಬಳಿಕ ತಾಣದ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನ ಯುಆರ್‌ಎಲ್ ಪರಿಶೀಲನೆಯಲ್ಲಿ ಪುಟ ತೆರೆಯುತ್ತದೆಯೇ ಎಂದು ನೋಡಬೇಕು.